ಉಪವರಮಾನವೂ ಅಚೌರ್ಯವ್ರತವೂ

ಸಂಬಳದ ಉದ್ಯೋಗದೊಡನೆ ಬಿಡುವಿನಲ್ಲಿ ಅನುವಾದ, ಲೆಕ್ಕಪತ್ರ ಮೊದಲಾದ ಸ್ವತಂತ್ರ ಕಾರ್ಯದಿಂದ ಗಳಿಸುವ ಶ್ರಾವಕರು ಇಂದು ಅನೇಕರು. ಸಂಬಳದ ಮೇಲಿನ ತೆರಿಗೆ ಮೂಲದಲ್ಲಿಯೇ ಕಡಿತವಾಗುತ್ತದೆ. ಉಪವರಮಾನವನ್ನು ತಾವೇ ಘೋಷಿಸಬೇಕು. ಕಡಿತದ ನಂತರವೂ ಸಲ್ಲಬೇಕಾದ ತೆರಿಗೆ 10,000 ರೂಪಾಯಿ ಅಥವಾ ಅಧಿಕವಾದರೆ ವರ್ಷದೊಳಗೇ ಮುಂಗಡವಾಗಿ ಕಟ್ಟಬೇಕು.

ಸ್ವಂತ ದುಡಿಮೆಯ ಫಲವನ್ನು ಮರೆಮಾಚಿದರೆ ಕಳವು ಹೇಗಾದೀತೆಂಬ ಶಂಕೆ ಸಹಜ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನೂ ಎಣಿಸಿದೆ. ದುಡಿಮೆ ನಮ್ಮದಾದರೂ, ತೆರಿಗೆಯ ಪಾಲು ಪರಸ್ವವೇ. ಕಾರ್ಯಕ್ಕೆ ನಿಜವಾಗಿ ತಗುಲಿದ ವೆಚ್ಚವನ್ನು ಕಳೆಯುವುದು ನ್ಯಾಯ. ಇಲ್ಲದ ವೆಚ್ಚವನ್ನು ಬರೆದರೆ ಸತ್ಯಾಣುವ್ರತಕ್ಕೂ ಭಂಗ.

ಚತುರ್ದಶಿಯ ಉಪವಾಸಕ್ಕೆ ಕಾವಲುಗಾರನಿಲ್ಲ. ಅಡುಗೆಮನೆಯ ಕದ ತೆರೆದೇ ಇರುತ್ತದೆ. ಯಾರೂ ನೋಡದಲ್ಲಿ ಅನ್ನವನ್ನು ತ್ಯಜಿಸಬಲ್ಲ ಶ್ರಾವಕನು ಯಾರೂ ಕೇಳದಲ್ಲಿ ಲೆಕ್ಕವನ್ನೂ ಒಪ್ಪಿಸಲಿ.