ಕಾಡಿನ ಬಿಡದಿಯೂ ಅತಿಥಿಯ ಋಣವೂ

ಹಣ ತೆತ್ತು ಪಡೆದುದರ ವಿಷಯದಲ್ಲಿ ಮನುಷ್ಯನಿಗೆ ಋಣವುಂಟೇ? ಶ್ರೀಮಠದ ಪ್ರಸಾದ ನಿಲಯದಲ್ಲಿ ಓದಿ, ಈಗ ಪಟ್ಟಣಗಳಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಆಗಾಗ ಎತ್ತುವುದುಂಟು. “ಮಠದಲ್ಲಿ ಉಂಡದ್ದಕ್ಕೆ ನಾವು ಋಣಿಗಳು, ಒಪ್ಪಿದೆವು. ಮಲೆನಾಡಿನ ರೆಸಾರ್ಟಿನಲ್ಲಿ ಎರಡು ದಿನ ಉಳಿದು ಬಿಲ್ಲು ಕೊಟ್ಟುಬಂದ ಮೇಲೆ ಯಾರಿಗೆ ಏನು ಋಣ, ಅಜ್ಜಾವರೇ?” ಎಂಬುದು ಅವರ ವಾದ.

ವಾಚಕರೇ, ಕುಪ್ಪೇಲೂರಿನಂಥ ಬಯಲುಸೀಮೆಯ ಊರಿನವರಿಗೆ ಮಳೆಕಾಡಿನ ಆಕರ್ಷಣೆ ಸಹಜವಾದುದು. ರಾಣೇಬೆನ್ನೂರು ತಾಲೂಕಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ಆಗುಂಬೆಯಲ್ಲಿ 7000ಕ್ಕೂ ಮಿಕ್ಕು. ಕೃಷ್ಣಮೃಗಗಳು ಓಡಾಡುವ ಕುರುಚಲು ಕಾಡನ್ನಷ್ಟೇ ಕಂಡ ಕಣ್ಣು ಅಲ್ಲಿಯ ಹಸಿರನ್ನು ಕಂಡು ತಣಿಯುವುದರಲ್ಲಿ ದೋಷವೇನೂ ಇಲ್ಲ. ಪ್ರವಾಸವನ್ನು ಭೋಗವೆಂದು ಹಳಿಯುವ ಪ್ರವಚನಕಾರರ ಸಾಲಿಗೆ ನಾವು ಸೇರಿದವರಲ್ಲ.

ಆದರೆ ಕೊಟ್ಟ ಹಣ ಯಾವುದರ ಬೆಲೆ ಎಂಬುದನ್ನು ವಿಚಾರಿಸಬೇಕು. ಕೋಣೆಗೆ, ಊಟಕ್ಕೆ, ಹಾಸಿಗೆ ಹಾಸಿದವರ ದುಡಿಮೆಗೆ ಅದು ಬೆಲೆ. ನೀರಿಗೆ ಬೆಲೆ ಕೊಟ್ಟವರಾರು? ದಕ್ಷಿಣ ಕನ್ನಡದ ಪುತ್ತೂರು ತಾಲೂಕಿನ ಇರ್ದೆ ಗ್ರಾಮದಲ್ಲಿ ಬೆಂದ್ರುತೀರ್ಥವೆಂಬ ಬಿಸಿನೀರಿನ ಬುಗ್ಗೆಯಿದೆ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ಎಂದೋ ಬಿದ್ದ ಮಳೆ ಬಂಡೆಯ ಬಿರುಕುಗಳಲ್ಲಿ ಆಳಕ್ಕಿಳಿದು, ಕಿಲೋಮೀಟರಿಗೆ ಸುಮಾರು 25–30 ಡಿಗ್ರಿಯಂತೆ ಏರುವ ಭೂಗರ್ಭದ ಕಾವಿನಲ್ಲಿ ಬಿಸಿಯಾಗಿ, ಮತ್ತೊಂದು ಬಿರುಕಿನಿಂದ ಮೇಲೇರುವುದೇ ಇಂಥ ಬುಗ್ಗೆಗಳ ಗುಟ್ಟು. ಸುತ್ತಲೂ ಆಳವಾದ ಕೊಳವೆಬಾವಿಗಳನ್ನು ಕೊರೆದು ನೀರೆತ್ತಿದರೆ ಒಳಗಿನ ಒತ್ತಡ ಕುಗ್ಗಿ ಬುಗ್ಗೆ ಸೊರಗುತ್ತದೆ. ಬೆಂದ್ರುತೀರ್ಥದ ವಿಷಯದಲ್ಲಿಯೂ ಈ ಆತಂಕ ಕೇಳಿಬಂದಿದೆ. ಬಿಲ್ಲಿನಲ್ಲಿ ಕಾಣಿಸದ ಬಾಬು ಇದು. ಬುಗ್ಗೆಗೆ ರಸೀದಿ ಬರೆಯುವವರಿಲ್ಲ.

ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯನ್ನು ಕುರಿತು ಬರೆದ ಪ್ರಬಂಧದಲ್ಲಿ ಸಂದರ್ಶಕನ ಹಕ್ಕು ಮತ್ತು ಅತಿಥಿಯ ಹಕ್ಕು ಎಂದು ಭೇದ ಮಾಡಿದನು. ಭೂಮಿ ಗೋಲಾಕಾರವಾದುದು, ಜನರು ಅನಂತವಾಗಿ ದೂರ ದೂರ ಚದುರಿಹೋಗಲಾರರು, ಆದುದರಿಂದ ಪರಸ್ಥಳಕ್ಕೆ ಬಂದವನನ್ನು ವೈರಿಯಂತೆ ಕಾಣಬಾರದು. ಆದರೆ ಮನೆಯವನಂತೆ ಇರಗೊಡಿರೆಂದು ಕೇಳುವ ಅಧಿಕಾರ ಬಂದವನಿಗಿಲ್ಲ. ವಿಚಾರ ಸೂಕ್ಷ್ಮವಾಗಿದೆ. ಆದರೂ ಅಲ್ಲಿ ಮಾತೆಲ್ಲ ಮನುಷ್ಯರ ನಡುವಿನ ಹಕ್ಕಿನದು. ಕಾಡು ಆ ವ್ಯವಹಾರದಲ್ಲಿ ಪಕ್ಷಗಾರನಲ್ಲ.

ನಮ್ಮ ಅಷ್ಟಾವರಣದಲ್ಲಿ ಪಾದೋದಕವೂ ಪ್ರಸಾದವೂ ಇವೆ. ಪ್ರಸಾದವನ್ನು ಕೊಳ್ಳಲಾಗದು, ಅರ್ಪಿಸಿ ಪಡೆಯಬೇಕು, ಪಡೆದುದನ್ನು ಕೆಡಿಸಬಾರದು. ಸ್ವಂತ ದುಡಿಮೆಯ ಹಣದಿಂದ ತಂದ ಅಕ್ಕಿಯೂ ಅರ್ಪಿತವಾಗದ ಹೊರತು ಭಕ್ತನಿಗೆ ಸಲ್ಲದು. ಬೆಲೆ ಕೊಟ್ಟ ಮಾತ್ರಕ್ಕೆ ಋಣ ತೀರದೆಂಬ ಅರಿವು ನಮ್ಮ ದಿನನಿತ್ಯದ ಊಟದಲ್ಲಿಯೇ ಇದೆ. ಜಪಾನಿನವರು ಬಿಸಿನೀರಿನ ಕೊಳಕ್ಕಿಳಿಯುವ ಮುನ್ನ ಹೊರಗೆ ಕುಳಿತು ಮೈಯನ್ನು ಚೆನ್ನಾಗಿ ತೊಳೆದುಕೊಳ್ಳುತ್ತಾರೆ. ಎಷ್ಟೇ ಹಣ ತೆತ್ತವನಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ. ನಮ್ಮ ಜಲಪಾತಗಳ ಬುಡದಲ್ಲಿ ಬಿದ್ದಿರುವ ಶಾಂಪೂ ಚೀಟಿಗಳನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಬಿಡದಿಗಳ ಸುತ್ತ ಬೆಳೆಸುವ ಉದ್ಯಾನಗಳೂ ನಿರಪಾಯವೆಂದು ಭಾವಿಸಲಾಗದು. ಲಂಟಾನವು 19ನೆಯ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕಾಗಿ ನಮ್ಮ ದೇಶಕ್ಕೆ ಬಂದ ತೋಟದ ಗಿಡ. ಇಂದು ಬಂಡೀಪುರದ ಕಾಡಿನಲ್ಲಿ ಅದು ಹುಲ್ಲಿಗೂ ಎಡೆಗೊಡದೆ ಹಬ್ಬಿದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಅತಿವೃಷ್ಟಿಯ ಜೊತೆಗೆ ಕಟ್ಟಡಗಳಿಗಾಗಿ, ರಸ್ತೆಗಳಿಗಾಗಿ ಇಳಿಜಾರನ್ನು ಕಡಿದುದನ್ನೂ ಭೂವಿಜ್ಞಾನಿಗಳು ಎತ್ತಿ ತೋರಿಸಿದರು. ಕಿಟಕಿಯಿಂದ ಕಣಿವೆ ಕಾಣಲೆಂದು ಗುಡ್ಡದ ಕಾಲನ್ನು ಕತ್ತರಿಸುವುದು ಎಂಥ ರಸಿಕತೆಯೋ!

ಇಲ್ಲಿ ಒಂದು ಆಕ್ಷೇಪವಿದೆ; ಅದು ಹಗುರವಾದುದಲ್ಲ. ಕಾಫಿ, ಅಡಿಕೆಗಳ ಬೆಲೆ ಬಿದ್ದ ವರ್ಷ ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟು ಸಂಸಾರ ಸಾಗಿಸುವ ರೈತನೂ ಕಾಯಕವನ್ನೇ ಮಾಡುತ್ತಿದ್ದಾನೆ. ನಾವು ಹೋಗದಿದ್ದರೆ ಅವನು ತೋಟದ ನೆರಳಿನ ಮರಗಳನ್ನು ಕಡಿದು ಮಾರಿಯಾನು. ಆದುದರಿಂದ ಹೋಗಬೇಡಿರೆಂದು ನಾವು ಹೇಳುವುದಿಲ್ಲ. ಅವನ ಮನೆಯೂ ಗುಡ್ಡವನ್ನು ಸಮತಟ್ಟು ಮಾಡಿ ಎಬ್ಬಿಸಿದ ನೂರು ಕೋಣೆಗಳ ಕಟ್ಟಡವೂ ಒಂದೇ ಅಲ್ಲ ಎನ್ನುತ್ತೇವೆ, ಅಷ್ಟೇ.

ಎಲ್ಲಿಗೂ ಹೋಗದೆ ಊರಲ್ಲಿಯೇ ಇರುವ ಹಿರಿಯರು ಈ ಮಾತು ತಮಗಲ್ಲವೆಂದು ಪತ್ರಿಕೆಯನ್ನು ಮಡಿಸಿಡಬಾರದು. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಶೃಂಗೇರಿ, ತೀರ್ಥಹಳ್ಳಿಗಳನ್ನು ಹಾದು, ಕೂಡಲಿಯಲ್ಲಿ ಭದ್ರೆಯನ್ನು ಬೆರೆತು ನಮ್ಮ ತಾಲೂಕಿನ ಅಂಚಿಗೆ ಬರುತ್ತದೆ. ತುಂಗಾ ಮೇಲ್ದಂಡೆಯ ಕಾಲುವೆ ಅದೇ ನೀರನ್ನು ಹಾವೇರಿ ಜಿಲ್ಲೆಯ ಹೊಲಗಳಿಗೆ ತರುತ್ತದೆ. ಮಳೆಕಾಡನ್ನು ಕಣ್ಣಿನಿಂದ ಕಾಣದ ರೈತನೂ ಅದರ ಅತಿಥಿಯೇ, ಅದೂ ಎರಡು ದಿನಗಳ ಮಟ್ಟಿಗಲ್ಲ.

ಈ ಸಲ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವವರು ಬಿಡದಿಯ ಯಜಮಾನನನ್ನು ಎರಡು ಮಾತು ಕೇಳಿರಿ: ಈ ನೀರು ಎಲ್ಲಿಂದ ಬರುತ್ತದೆ? ನಾವು ಮಿಂದ ನೀರು ಎಲ್ಲಿಗೆ ಹೋಗುತ್ತದೆ? ಕೇಳುವಾಗ ಮಕ್ಕಳು ಹತ್ತಿರವೇ ನಿಂತಿರಲಿ.