ತಳಮಟ್ಟದ ನಿವೇದನೆ

ಅಣುರೇಣು ತೃಣಕಾಷ್ಠಗಳಲ್ಲಿ ನೆಲೆಸಿರುವವನೇ, ಇಂದು ನಿನ್ನ ಮುಂದೆ ಪುಟ್ಟದೊಂದು ಅಣುವನ್ನು ಇಡುತ್ತಿದ್ದೇನೆ. ಒಂದು ಹೀಲಿಯಂ, ಒಂದು ಹೈಡ್ರೋಜನ್, ಎರಡೇ ಎಲೆಕ್ಟ್ರಾನ್. ವಿಶ್ವದಲ್ಲಿ ನೀನು ಮೊಟ್ಟಮೊದಲು ಬೆಸೆದ ಅಣು ಇದೇ ಎನ್ನುತ್ತಾರೆ. ಪ್ರಯೋಗಾಲಯದಲ್ಲಿ 1925ರಲ್ಲೇ ಕಂಡಿದ್ದ ಇದು ಆಕಾಶದಲ್ಲಿ ಸಿಕ್ಕ ಸುದ್ದಿ ಬಂದದ್ದು 2019ರಲ್ಲಿ. ಅದಕ್ಕೂ ಮೊದಲು, 2014ರಲ್ಲಿ, ಬ್ರಿಸ್ಟಲ್‌ನ ಪ್ರಯೋಗಾಲಯದಲ್ಲಿ ಆಲ್ಬರ್ಟೊ ಪೆರುಝೊ ಮತ್ತು ಸಂಗಡಿಗರು ಬೆಳಕಿನ ಕಣಗಳಿಂದ ನಡೆಯುವ ಕ್ವಾಂಟಂ ಚಿಪ್ಪಿನ ಮೇಲೆ ಇದರ ಕನಿಷ್ಠ ಶಕ್ತಿಯನ್ನು ಹುಡುಕಿದರು.

ಹುಡುಕಿದ ಬಗೆಯನ್ನೂ ನಿನಗೆ ಒಪ್ಪಿಸುತ್ತೇನೆ. ಕೆಲಸ ಎರಡು ಯಂತ್ರಗಳದು. ಮಾಮೂಲಿ ಕಂಪ್ಯೂಟರ್ ಕೆಲವು ಕೋನಗಳನ್ನು ಕೊಡುತ್ತದೆ. ಕ್ವಾಂಟಂ ಯಂತ್ರ ತನ್ನ ಮಾಹಿತಿಯ ಘಟಕಗಳಾದ ಕ್ಯೂಬಿಟ್‌ಗಳನ್ನು ಅಷ್ಟಷ್ಟೇ ತಿರುಗಿಸಿ ಎಲೆಕ್ಟ್ರಾನ್‌ಗಳ ಸ್ಥಿತಿಯೊಂದನ್ನು ಕಟ್ಟುತ್ತದೆ. ಅಳೆದ ಕೂಡಲೇ ಆ ಸ್ಥಿತಿ ಕುಸಿಯುತ್ತದೆ, ಪ್ರತಿ ಕ್ಯೂಬಿಟ್‌ನಿಂದ ಸೊನ್ನೆಯೋ ಒಂದೋ ಅಷ್ಟೇ ಉಳಿಯುತ್ತದೆ. ಮತ್ತೆ ಕಟ್ಟಬೇಕು, ಮತ್ತೆ ಅಳೆಯಬೇಕು. ಸಾವಿರಾರು ಅಳತೆಗಳ ಸರಾಸರಿಯಿಂದ ಶಕ್ತಿಯ ಒಂದು ಅಂದಾಜು ಹುಟ್ಟುತ್ತದೆ. ಅದನ್ನು ನೋಡಿ ಕಂಪ್ಯೂಟರ್ ಕೋನಗಳನ್ನು ತುಸು ತಿದ್ದಿ ಕಳಿಸುತ್ತದೆ. ಅಂದಾಜು ಇನ್ನು ಇಳಿಯದು ಎನ್ನುವವರೆಗೂ ಇದೇ ಓಡಾಟ. ಹತ್ತು ಪಟ್ಟು ನಿಖರತೆ ಬೇಕೆಂದರೆ ನೂರು ಪಟ್ಟು ಅಳತೆ.

ಈ ದಾರಿಗೆ ನೀನು ಹಾಕಿರುವ ಒಂದು ಕಟ್ಟಳೆಗೆ ನಾನು ಕೈಮುಗಿಯುತ್ತೇನೆ. ನಾವು ಎಂಥ ಸ್ಥಿತಿಯನ್ನು ಊಹಿಸಿದರೂ ಅದರ ಸರಾಸರಿ ಶಕ್ತಿ ಅಣುವಿನ ನಿಜವಾದ ತಳಮಟ್ಟಕ್ಕಿಂತ ಕೆಳಗಿಳಿಯದು. ಒರಟು ಊಹೆ ಮೇಲೆಯೇ ನಿಲ್ಲುತ್ತದೆ. ಇಳಿದಷ್ಟೂ ನಿನ್ನ ಸತ್ಯಕ್ಕೆ ಹತ್ತಿರ. ಕತ್ತಲಲ್ಲಿ ತಡಕುವವರಿಗೆ ಇದಕ್ಕಿಂತ ದೊಡ್ಡ ಆಸರೆ ಏನಿದೆ?

ಇನ್ನು ಬೇಡಿಕೆ. ಎರಡು ಎಲೆಕ್ಟ್ರಾನ್‌ಗಳ ಲೆಕ್ಕವನ್ನು ಲ್ಯಾಪ್‌ಟಾಪ್ ಕೂಡ ಮಾಡೀತು. 2017ರಲ್ಲಿ ಐಬಿಎಂನವರು 6 ಕ್ಯೂಬಿಟ್‌ಗಳಲ್ಲಿ ಬೆರಿಲಿಯಂ ಹೈಡ್ರೈಡ್‌ವರೆಗೆ ಬಂದರು. ಅದೂ ಹಳೆಯ ಯಂತ್ರಗಳಿಗೆ ಎಟುಕುವ ಅಣುವೇ. ಆದ್ದರಿಂದ ಗೆದ್ದೆವೆಂಬ ಮಾತು ನಮ್ಮ ಬಾಯಿಗೆ ಬೇಗ ಬಾರದಿರಲಿ. ಕ್ಯೂಬಿಟ್‌ನ ಗದ್ದಲವನ್ನು ಅಣುವಿನ ದನಿಯೆಂದು ಸಾರದಂತೆ ನಮ್ಮನ್ನು ಕಾಯಿ.

ಇನ್ನೊಂದು ಬೇಡಿಕೆಯೂ ಇದೆ. ಹೊಲದಲ್ಲಿ ತೊಗರಿಯ ಬೇರುಗಂಟಿನೊಳಗಿನ ಬ್ಯಾಕ್ಟೀರಿಯಾ, ಕಬ್ಬಿಣ ಮತ್ತು ಮಾಲಿಬ್ಡಿನಂ ಸೇರಿದ ಒಂದು ಗುಚ್ಛವನ್ನು ಇಟ್ಟುಕೊಂಡು, ಮಣ್ಣಿನ ಬಿಸಿಯಲ್ಲೇ ಗಾಳಿಯ ಸಾರಜನಕವನ್ನು ಬಿಡಿಸುತ್ತದೆ. ಅದೇ ಕೆಲಸಕ್ಕೆ ನಮ್ಮ ಗೊಬ್ಬರದ ಕಾರ್ಖಾನೆಗಳಿಗೆ ಸುಮಾರು 400 ಡಿಗ್ರಿ ಶಾಖ, ಗಾಳಿಯ ಒತ್ತಡದ ನೂರಾರು ಪಟ್ಟು ಒತ್ತಡ ಬೇಕು. ಆ ಗುಚ್ಛದಲ್ಲಿ ಎಲೆಕ್ಟ್ರಾನ್‌ಗಳು ಹೆಣೆದುಕೊಂಡ ರೀತಿ ದೊಡ್ಡ ದೊಡ್ಡ ಕಂಪ್ಯೂಟರ್‌ಗಳನ್ನೂ ಕಾಡಿಸುತ್ತದೆ. ಅದರ ಶಕ್ತಿಮಟ್ಟಗಳನ್ನು ಓದಬಲ್ಲ ಯಂತ್ರ ಯಾವ ದೇಶದಲ್ಲಾದರೂ ಹುಟ್ಟಲಿ, ತಂದೆ. ರೈತ ಹೊರುವ ಗೊಬ್ಬರದ ಚೀಲ ಅಗ್ಗವಾಗಲಿ.