ಊಟ ಬಲ್ಲವನು ಏನು ಬಲ್ಲ?

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.’ ಈ ಗಾದೆ ಹೇಳುವವರು ಸಾಮಾನ್ಯವಾಗಿ ಎಲೆಯ ಮೇಲೆ ಏನು ಬಡಿಸಿದೆ ಎಂದೇ ನೋಡುತ್ತಾರೆ. ರಾಗಿ ಒಳ್ಳೆಯದು, ಮೈದಾ ಕೆಟ್ಟದ್ದು, ತುಪ್ಪ ಇಷ್ಟಿರಲಿ. ಗಾದೆಯೋ ಒಂದು ಪದಾರ್ಥದ ಹೆಸರನ್ನೂ ಎತ್ತುವುದಿಲ್ಲ. ಅದರ ಕಣ್ಣೆಲ್ಲ ಉಣ್ಣುವವನ ಮೇಲೆ. ಅವನು ಬಲ್ಲದ್ದಾದರೂ ಏನು?

ಉತ್ತರ ಹುಡುಕಲು ಆಯುರ್ವೇದದ ಹಳೆಯ ಗ್ರಂಥವೊಂದನ್ನು ತೆರೆಯಬಹುದು. ಚರಕಸಂಹಿತೆಯ ವಿಮಾನಸ್ಥಾನವೆಂಬ ಭಾಗದಲ್ಲಿ ಐದನೆಯ ಅಧ್ಯಾಯ ಪೂರ್ತಿ ಸ್ರೋತಸ್ಸುಗಳದ್ದು, ಎಂದರೆ ಮೈಯೊಳಗಿನ ದಾರಿಗಳದ್ದು. ಪ್ರಾಣ, ನೀರು, ಅನ್ನ, ರಸದಿಂದ ಶುಕ್ರದವರೆಗಿನ ಏಳು ಧಾತುಗಳು, ಮೂತ್ರ, ಮಲ, ಬೆವರು ಇವು ಓಡಾಡುವ 13 ದಾರಿಗಳನ್ನು ಅಲ್ಲಿ ಎಣಿಸಿದ್ದಾರೆ. ಇಡಾ, ಪಿಂಗಳಾ, ಸುಷುಮ್ನಾ ಎಂಬ ನಾಡಿಗಳನ್ನೂ ಇವನ್ನೂ ಬೆರೆಸಿ ‘ಶಕ್ತಿಯ ಹರಿವು’ ಎಂದು ಮಾರುವವರು ಈಗ ಹೆಚ್ಚಿದ್ದಾರೆ. ಆ ನಾಡಿಗಳು ಯೋಗಶಾಸ್ತ್ರದವು. ಚರಕ ಹೇಳುವ ಅನ್ನದ ದಾರಿ ಕೆಟ್ಟರೆ ಕಾಣುವುದು ಊಟ ಬೇಡವೆನಿಸುವಿಕೆ, ಅರುಚಿ, ಅಜೀರ್ಣ, ವಾಂತಿ. ಯಾರ ಮನೆಯಲ್ಲೂ ಗುರುತು ಹಿಡಿಯಬಹುದಾದ ಸಂಗತಿಗಳು.

ದಾರಿ ಕೆಡುವ ಬಗೆ ನಾಲ್ಕು: ಅತಿಪ್ರವೃತ್ತಿ, ಸಂಗ, ಸಿರಾಗ್ರಂಥಿ, ವಿಮಾರ್ಗಗಮನ. ಕೆರೆ ಕಾಲುವೆ ಕಂಡವರಿಗೆ ಇವನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಮಿತಿಮೀರಿ ನುಗ್ಗುತ್ತದೆ, ಹೂಳಿಗೆ ಸಿಕ್ಕಿ ನಿಲ್ಲುತ್ತದೆ, ಎಲ್ಲೋ ಗಂಟಾಗುತ್ತದೆ, ಇಲ್ಲವೆ ಬದು ಒಡೆದು ಪಕ್ಕದ ಗದ್ದೆಗೆ ಹರಿಯುತ್ತದೆ. ನುಗ್ಗುವುದನ್ನು ತಡೆಯಬೇಕು, ನಿಂತದ್ದನ್ನು ಬಿಡಿಸಬೇಕು. ಎರಡಕ್ಕೂ ಒಂದೇ ಮದ್ದು ಇರಲಾರದು. ಹೂಳು ತುಂಬಿದ ಕಾಲುವೆಗೆ ತೂಬು ಪೂರ್ತಿ ಎತ್ತುವವರೂ ಉಂಟು: ಹಸಿವೇ ಇಲ್ಲದವನಿಗೆ ‘ನಿಶ್ಶಕ್ತಿ’ ಎಂದು ಲೇಹ್ಯ, ಬಾದಾಮಿ, ಹಾಲು ತಿನ್ನಿಸುವವರು. ಅನ್ನದ ದಾರಿ ಕೆಟ್ಟವನಿಗೆ ಚರಕ ಹೇಳುವುದು ಆಮದ, ಎಂದರೆ ಅರಗದೆ ಉಳಿದದ್ದರ, ಚಿಕಿತ್ಸೆಯನ್ನು. ಅದರಲ್ಲಿ ಉಪವಾಸಕ್ಕೆ ದೊಡ್ಡ ಪಾಲಿದೆ.

ಹಾಗಾಗಿ ಬಲ್ಲವನು ಮೊದಲು ಬಲ್ಲದ್ದು, ಹಿಂದಿನ ಊಟ ಮುಂದಕ್ಕೆ ಹೋಯಿತೇ ಎಂಬುದನ್ನು. ತೇಗು ಶುದ್ಧವಾಗಿರಬೇಕು, ಮೈ ಹಗುರಾಗಿರಬೇಕು, ಮಲಮೂತ್ರ ಸಲೀಸಾಗಿ ಆಗಿರಬೇಕು, ಹಸಿವು ಬಾಯಾರಿಕೆ ತಾವಾಗಿ ಬರಬೇಕು. ಗಡಿಯಾರದಲ್ಲಿ ಒಂದು ಗಂಟೆ ಆಯಿತೆಂದು ಉಣ್ಣುವ ನಮಗೆ ಈ ನಾಲ್ಕನ್ನು ಕೇಳಿಕೊಳ್ಳುವ ಪುರಸೊತ್ತೇ ಇಲ್ಲ. ಆಮೇಲೆ ಬಲ್ಲದ್ದು ಅಳತೆಯನ್ನು. ಹೊಟ್ಟೆಯಲ್ಲಿ ಒಂದು ಪಾಲು ಗಟ್ಟಿ ಆಹಾರಕ್ಕೆ, ಒಂದು ಪಾಲು ದ್ರವಕ್ಕೆ, ಮೂರನೆಯದು ವಾತ ಪಿತ್ತ ಕಫಗಳಿಗೆ ಎಂಬ ಲೆಕ್ಕ ಎರಡನೆಯ ಅಧ್ಯಾಯದ್ದು.

ಅದೇ ಅಧ್ಯಾಯ ಇನ್ನೊಂದು ಮಾತೂ ಹೇಳುತ್ತದೆ. ಪಥ್ಯದ ಅನ್ನವನ್ನು ಅಳತೆ ತಪ್ಪದೆ ಉಂಡರೂ ಚಿಂತೆ, ಶೋಕ, ಭಯ, ಕೋಪ, ನಿದ್ದೆಗೇಡು ಇದ್ದಲ್ಲಿ ಅದು ಅರಗುವುದಿಲ್ಲ. ರಸದ ದಾರಿ ಕೆಡಲು ಜಡವಾದ, ತಣ್ಣಗಿನ, ಅತಿ ಜಿಡ್ಡಿನ ಊಟದಷ್ಟೇ ಅತಿಯಾದ ಚಿಂತೆಯೂ ಕಾರಣ ಎಂದು ಐದನೆಯ ಅಧ್ಯಾಯವೂ ಹೇಳುತ್ತದೆ. ಇದನ್ನು ಓದಿದ ಮೇಲೆ ಗಾದೆಯ ಎರಡು ತುಂಡುಗಳು ನನಗೆ ಬೇರೆ ಬೇರೆ ಬುದ್ಧಿಮಾತುಗಳಾಗಿ ಕೇಳುವುದಿಲ್ಲ. ಉಣ್ಣುವ ಹೊತ್ತಿಗೇ ಆಸ್ತಿ ಪಾಲಿನ ಮಾತು ತೆಗೆಯುವ ಮನೆಯಲ್ಲಿ ಎಷ್ಟು ಹಿತಮಿತವಾಗಿ ಬಡಿಸಿದರೂ ಊಟ ಬಲ್ಲವರು ಯಾರೂ ಇಲ್ಲವೆಂದೇ ಅರ್ಥ. ಮಾತು ಬಲ್ಲವನಿದ್ದರೆ ತಾನೇ ಊಟ ಬಲ್ಲವನಿಗೆ ಜಾಗ.

ಆದರೂ ‘ರೋಗವಿಲ್ಲ’ ಎಂಬುದು ಗಾದೆಯ ಧಾರಾಳ. ಅದನ್ನು ಹಿಡಿದು, ಕಾಯಿಲೆ ಬಿದ್ದವನನ್ನೆಲ್ಲ ಊಟ ಅರಿಯದವನು ಎಂದು ಬೈಯುವುದು ತಪ್ಪು. ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ, ಗಂಗೆಯ ದಡದ ಕಾಂಪಿಲ್ಯದಲ್ಲಿ, ಶಿಷ್ಯ ಅಗ್ನಿವೇಶ ಇದನ್ನೇ ಗುರು ಪುನರ್ವಸು ಆತ್ರೇಯನನ್ನು ಕೇಳುತ್ತಾನೆ: ಆಹಾರ, ಮೈಕಟ್ಟು, ಬಲ, ವಯಸ್ಸು ಒಬ್ಬೊಬ್ಬರದು ಒಂದೊಂದು ಥರ ಇರುವಾಗ ಇಡೀ ನಾಡು ಒಂದೇ ರೋಗಕ್ಕೆ ಒಟ್ಟಿಗೆ ತುತ್ತಾಗುವುದು ಹೇಗೆ? ಗಾಳಿ, ನೀರು, ನೆಲ, ಕಾಲ ಈ ನಾಲ್ಕು ಎಲ್ಲರಿಗೂ ಸೇರಿದವು, ಅವೇ ಕೆಟ್ಟಿವೆ ಎಂಬುದು ಆತ್ರೇಯನ ಉತ್ತರ. ಅಲ್ಲಿ ಅವನು ಊಟದ ಪಾಠಕ್ಕೆ ತೊಡಗುವುದಿಲ್ಲ. ನೆಲದ ಸಾರ ಇಂಗುವ ಮೊದಲೇ ಮೂಲಿಕೆಗಳನ್ನು ಕಿತ್ತು ತಂದಿಡಲು ಶಿಷ್ಯನಿಗೆ ಹೇಳುತ್ತಾನೆ.